ಮೂರು ಮಹಡಿಯ ಮೈಗಳ್ಳಿ

ನಮ್ಮ ಶಾಲೆಯ ಕಟ್ಟಡಕ್ಕೆ ಮೂರು ಮಹಡಿ, ಅರವತ್ತೆಂಟು ಮೆಟ್ಟಿಲು. ಹದಿನಾಲ್ಕು ವರ್ಷ ದಿನಕ್ಕೆ ಐದಾರು ಸಲ ಹತ್ತಿಳಿದರೂ ನಾನು ಅವನ್ನು ಎಣಿಸಿರಲಿಲ್ಲ. ಎಣಿಸಿ ಹೇಳಿದವಳು ಆಯಮ್ಮ.

ಗುಡಿಸಿ ಒರೆಸಲು ಇದ್ದ ಇಬ್ಬರು ಹೆಂಗಸರಲ್ಲಿ ಆಕೆ ಚಿಕ್ಕವಳು, ಮೂವತ್ತೆಂಟರ ಆಸುಪಾಸು. ಮಕ್ಕಳಿಗೆಲ್ಲ ಆಯಮ್ಮ. ಜೊತೆಯಲ್ಲಿ ಕೆಲಸ ಮಾಡುವ ಹಿರಿಯ ಹೆಂಗಸು, ನಾವು ದೊಡ್ಡಾಯಮ್ಮ ಎನ್ನುತ್ತಿದ್ದವಳು, ಮಾತ್ರ ಆಕೆಯನ್ನು ಮೈಗಳ್ಳಿ ಎನ್ನುತ್ತಿದ್ದಳು. ಅದೂ ಬೆನ್ನ ಹಿಂದೆ ಅಲ್ಲ. “ಏ ಮೈಗಳ್ಳಿ, ಬಾರೇ, ಟೀ ಆರಿಹೋಗುತ್ತೆ” ಎಂದು ಹೆಸರು ಹಿಡಿದು ಕರೆದಷ್ಟೇ ಸಲೀಸಾಗಿ ಕರೆಯುವಳು. ಕರೆಸಿಕೊಂಡವಳೂ ಓಗೊಡುವಳು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ದೊಡ್ಡಾಯಮ್ಮ ತುಂಬಿದ ಬಕೆಟ್ಟನ್ನು ಒಂದೇ ಉಸಿರಿಗೆ ಮೇಲಕ್ಕೆ ಒಯ್ದರೆ ಈಕೆ ಅರ್ಧ ಬಕೆಟ್ ಹಿಡಿದು, ಹತ್ತು ಮೆಟ್ಟಿಲಿಗೊಮ್ಮೆ ಕೆಳಗಿಟ್ಟು, ತಿರುವು ಬಂದಲ್ಲೆಲ್ಲ ಗೋಡೆಗೆ ಒರಗಿ ನಿಲ್ಲುವಳು. ಆ ತಿರುವುಗಳಲ್ಲಿ ಗೋಡೆಯ ಬಣ್ಣ ಆಕೆಯ ಭುಜದ ಎತ್ತರಕ್ಕೆ ಮಾಸಿತ್ತು. ಮೂರನೇ ಮಹಡಿಯ ಕೊನೆಯ ಕೋಣೆಗೆ ಪೊರಕೆ ತಲುಪುವ ಹೊತ್ತಿಗೆ ಮೊದಲ ಪೀರಿಯಡ್ಡಿನ ಗಂಟೆ ಹೊಡೆದಿರುತ್ತಿತ್ತು. ಬಾಗಿಲಲ್ಲಿ ನಿಂತ ಮಕ್ಕಳು ಧೂಳಿಗೆ ಸೀನುತ್ತ ನಗುತ್ತಿದ್ದರು. ಆಕೆ ಯಾರ ಮುಖವನ್ನೂ ನೋಡದೆ, ಕಾಲೆಳೆದುಕೊಂಡು, ಬೆಂಚಿನಿಂದ ಬೆಂಚಿಗೆ ಹೋಗುವಳು.

ಆ ಕೊನೆಯ ಕೋಣೆ ನನ್ನದು. ನಾನು ಎಂಟು, ಒಂಬತ್ತನೆಯ ತರಗತಿಗಳಿಗೆ ಆರೋಗ್ಯದ ಪಾಠ ಹೇಳುವವಳು. ಪುಸ್ತಕದಲ್ಲಿ ಆರನೆಯ ಪಾಠ ಅಂಟುರೋಗಗಳು, ಏಳನೆಯದು ಹೃದಯ ಮತ್ತು ರಕ್ತನಾಳದ ರೋಗಗಳು. ಒಂದು ಹರಡುತ್ತದೆ, ಇನ್ನೊಂದು ಹರಡುವುದಿಲ್ಲ. ಒಂದಕ್ಕೆ ರೋಗಾಣು ಕಾರಣ, ಇನ್ನೊಂದಕ್ಕೆ ಎಣ್ಣೆ, ಉಪ್ಪು, ಹೊಗೆ, ಕೂತಲ್ಲೇ ಕೂರುವ ಚಾಳಿ. ಕಪ್ಪುಹಲಗೆಯ ನಡುವೆ ಗೆರೆ ಎಳೆದು ಎಡಕ್ಕೊಂದು, ಬಲಕ್ಕೊಂದು ಬರೆಸಿದರೆ ಪರೀಕ್ಷೆಗೆ ಸಾಕಾಗುತ್ತಿತ್ತು.

ಒಂದು ವರ್ಷ ಏಳನೆಯ ಪಾಠದ ದಿನ, ನೆಲಮಹಡಿಯ ಕಪಾಟಿನಿಂದ ಹೃದಯದ ಪ್ಲಾಸ್ಟಿಕ್ ಮಾದರಿ ತಂದುಕೊಡಲು ಆಯಮ್ಮನಿಗೆ ಹೇಳಿದ್ದೆ. ಆಕೆ ಡಬ್ಬಿ ಹಿಡಿದು ಬಾಗಿಲಿಗೆ ಬಂದಾಗ ಪಾಠ ಮುಗಿಯಲು ಐದು ನಿಮಿಷ ಉಳಿದಿತ್ತು. ನನಗೆ ರೇಗಿಹೋಯಿತು. ಆಫೀಸಿನಲ್ಲಿದ್ದ ದೂರಿನ ಪುಸ್ತಕದಲ್ಲಿ ಬರೆದೆ: ‘ಕೆಲಸದಲ್ಲಿ ಆಸಕ್ತಿ ಇಲ್ಲ. ಉದ್ದೇಶಪೂರ್ವಕವಾಗಿ ತಡ ಮಾಡುತ್ತಾರೆ.’ ಕೆಳಗೆ ಸಹಿ ಹಾಕಿದೆ. ಹೆಡ್ ಮೇಡಂ ಅವಳನ್ನು ಕರೆಸಿ ಬೈದರಂತೆ. ಅದು ಅಲ್ಲಿಗೆ ಮುಗಿಯಿತೆಂದುಕೊಂಡೆ.

ಆಕೆಯ ಬಗ್ಗೆ ನಮಗೆ ಗೊತ್ತಿದ್ದದ್ದು ಅಷ್ಟಕ್ಕಷ್ಟೆ. ಆರು ವರ್ಷ ಸಂಸಾರ ಮಾಡಿ ಗಂಡನ ಮನೆ ಬಿಟ್ಟು ಬಂದಿದ್ದಳು. ಬಸುರಿಯಾಗಿದ್ದಾಗ ಏಳನೆಯ ತಿಂಗಳಲ್ಲಿ ಉಸಿರು ಕಟ್ಟಿ ಆಸ್ಪತ್ರೆ ಸೇರಿದ್ದಳು, ಮಗು ಉಳಿದಿರಲಿಲ್ಲ. ಈಗ ಅಕ್ಕನ ಮನೆಯಿಂದ ಎರಡು ಬಸ್ ಸ್ಟಾಪ್ ಆಚೆ ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಗಂಡನನ್ನು ಯಾಕೆ ಬಿಟ್ಟೆ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಕೆಣಕಿದಾಗ ಆಕೆ ಟೀ ಲೋಟ ತೊಳೆಯುತ್ತಲೇ, “ಅವರ ಮನೆ ನಾಲ್ಕನೇ ಮಹಡೀಲಿತ್ತು ಮೇಡಂ, ನೀರು ಕೆಳಗಿಂದ ಹೊರಬೇಕಿತ್ತು” ಎಂದಿದ್ದಳು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ನಿಜ ಹೇಳುತ್ತಿದ್ದಾಳೆಂದು ಒಬ್ಬರಿಗೂ ಹೊಳೆಯಲಿಲ್ಲ.

ಆಮೇಲೆ ಕೆಮ್ಮು ಶುರುವಾಯಿತು. ಒಂದು ದಿನ ಕೈಬಟ್ಟೆಗೆ ಕೆಮ್ಮಿದ್ದರಲ್ಲಿ ರಕ್ತದ ಎಳೆ ಕಂಡು ದೊಡ್ಡಾಯಮ್ಮ ಕೂಗಿಕೊಂಡಳು. ಕ್ಷಯವೇ ಇರಬೇಕೆಂದು ಮಧ್ಯಾಹ್ನದೊಳಗೆ ಶಾಲೆಗೆಲ್ಲ ಸುದ್ದಿ. ಆಕೆಯ ಲೋಟ ಬೇರೆಯಾಯಿತು. ದೊಡ್ಡಾಯಮ್ಮ ಮೂಗಿಗೆ ಸೆರಗು ಹಿಡಿದು ದೂರ ಕೂತು ಊಟ ಮಾಡತೊಡಗಿದಳು. ಆರನೆಯ ಪಾಠ ಹೇಳುವವಳು ನಾನೇ ಆದ್ದರಿಂದ ಪರೀಕ್ಷೆ ಮಾಡಿಸಿಕೊಂಡು ಬಾ ಎಂದು ಚೀಟಿ ಬರೆದುಕೊಟ್ಟವಳೂ ನಾನೇ.

ಎರಡು ಸಲ ಕಫ ಕೊಟ್ಟಳು, ಎದೆಯ ಎಕ್ಸ್‌ರೇ ತೆಗೆಸಿದಳು. ವರದಿಯನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಮೊದಲ ಸಾಲಿನಲ್ಲಿ ಕ್ಷಯದ ಲಕ್ಷಣವಿಲ್ಲ ಎಂದಿತ್ತು. “ಏನೂ ಇಲ್ಲವಂತೆ, ಆರಾಮಾಗಿರಿ” ಎಂದು ಹಿಂದಕ್ಕೆ ಕೊಟ್ಟೆ. ಹೃದಯದ ನೆರಳು ಸ್ವಲ್ಪ ದೊಡ್ಡದಾಗಿ ಕಾಣುತ್ತದೆ ಎಂಬ ಇನ್ನೊಂದು ಸಾಲು ಕೆಳಗಿತ್ತು. ಅದನ್ನು ನಾನು ಓದಲಿಲ್ಲ. ಪರೀಕ್ಷೆ ಮಾಡಿದವರೂ ಆಕೆಗೆ ಓದಿ ಹೇಳಿರಲಿಲ್ಲ. ರೋಗವಿಲ್ಲವೆಂದ ಮೇಲೆ ಮತ್ತೆ ಮೈಗಳ್ಳತನವೇ ತಾನೆ? ಬೇರೆಯಾಗಿದ್ದ ಲೋಟ ಉಳಿದವುಗಳ ಜೊತೆ ಸೇರಿತು, ಬೈಗುಳವೂ ಮೊದಲಿನಂತಾಯಿತು.

ಇನ್ನೂ ಎಂಟು ತಿಂಗಳು ಹೀಗೇ ಉರುಳಿದವು. ಒಂದು ಬೆಳಿಗ್ಗೆ ಎರಡನೆಯ ಮಹಡಿಯ ತಿರುವಿನಲ್ಲಿ ಆಕೆ ಮೆಟ್ಟಿಲ ಮೇಲೆ ಕೂತಿದ್ದಳು. ಬಕೆಟ್ ಪಕ್ಕಕ್ಕೆ ಉರುಳಿ ನೀರು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು.

“ಏಳಿ ಆಯಮ್ಮ, ಮಕ್ಕಳು ಜಾರಿ ಬೀಳ್ತಾರೆ” ಎಂದೆ.

“ಏಳ್ತೀನಿ ಮಿಸ್” ಎಂದಳು. ಏಳಲಿಲ್ಲ. ತುಟಿ ನೀಲಿಗಟ್ಟಿತ್ತು. ಪಾದ ಚಪ್ಪಲಿಯ ಪಟ್ಟಿಯಿಂದ ಉಬ್ಬಿ ಹೊರಗೆ ಬಂದಿತ್ತು. ಪಟ್ಟಿಯ ಪಕ್ಕ ಬೆರಳೊತ್ತಿ ತೆಗೆದೆ; ಗುಳಿ ಹಾಗೇ ಉಳಿಯಿತು. “ರಾತ್ರಿ ಮಲಗೋಕಾಗಲ್ಲ ಮಿಸ್. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡ್ತೀನಿ. ಮೂರು ತಿಂಗಳಾಯ್ತು.”

“ಮೊದಲೇ ಹೇಳಬಾರದಿತ್ತಾ?”

“ಏನಂತ ಹೇಳ್ಲಿ? ಸುಸ್ತು ಅಂದ್ರೆ ಎಲ್ಲರಿಗೂ ಸುಸ್ತೇ.”

ಕ್ಲಾಸು ಬಿಟ್ಟು ನಾನೇ ಆಟೊದಲ್ಲಿ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಮೊದಲು ಕಾಲಿನ ಬಾವು ನೋಡಿ, ಆಮೇಲೆ ಆಕೆಯನ್ನು ಎಡಮಗ್ಗುಲಿಗೆ ಮಲಗಿಸಿ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಹೊರಗೆ ಗಲಾಟೆ ಹೆಚ್ಚಾದಾಗ ಎದ್ದು ಹೋಗಿ ಬಾಗಿಲು ಹಾಕಿ ಬಂದು ಮತ್ತೆ ಕೇಳಿದರು.

“ಚಿಕ್ಕವರಿದ್ದಾಗ ಕೀಲು ನೋವು ಏನಾದ್ರೂ ಬಂದಿತ್ತಾ?”

“ಎಲ್ಲರಿಗೂ ಬರುತ್ತಲ್ಲ ಮೇಡಂ.”

“ಎಲ್ಲರ ವಿಷಯ ಬೇಡ. ನಿಮ್ಮದು ಹೇಳಿ.”

ಆಯಮ್ಮ ಸೂರು ನೋಡುತ್ತ ನೆನಪು ಮಾಡಿಕೊಂಡಳು. ಹನ್ನೊಂದು ವರ್ಷವಿರಬೇಕು. ಗಂಟಲು ನೋವು ಬಂದು ಎಂಜಲು ನುಂಗಲೂ ಆಗುತ್ತಿರಲಿಲ್ಲ. ಜ್ವರ ನಾಲ್ಕೈದು ದಿನ ಇದ್ದು ತಾನೇ ಬಿಟ್ಟಿತು. ಔಷಧಿ ಕೊಡಿಸಿರಲಿಲ್ಲ. ಎರಡು ಮೂರು ವಾರದ ಮೇಲೆ ಬಲ ಮೊಣಕಾಲು ಊದಿಕೊಂಡು ಕೆಂಪಾಯಿತು. ಅದು ಇಳಿಯುವಷ್ಟರಲ್ಲಿ ಎಡಗಾಲು. ಆಮೇಲೆ ಮೊಣಕೈ.

“ನೋವು ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡ್ತಿತ್ತು ಮೇಡಂ. ಅದಕ್ಕೇ ನಮ್ಮಮ್ಮ ನಂಬಲಿಲ್ಲ. ನಿನ್ನೆ ಆ ಕಾಲು ಅಂದೆ, ಇವತ್ತು ಈ ಕಾಲು ಅಂತೀಯ, ನೀರು ತರೋದು ತಪ್ಪಿಸಿಕೊಳ್ಳೋಕೆ ನಾಟಕ ಆಡ್ತೀಯ ಅಂತ ಎರಡು ಬಿಟ್ರು.”

ಡಾಕ್ಟರಮ್ಮ ಕುರ್ಚಿಗೆ ಒರಗಿದರು. ಅವರ ಮುಖದಲ್ಲೂ ದಣಿವಿತ್ತು. ಅಂದು ಬೆಳಿಗ್ಗೆಯಿಂದ ನೋಡಿದ ಅರವತ್ತನೆಯ ರೋಗಿ ಈಕೆ ಎಂದು ಆಮೇಲೆ ಗೊತ್ತಾಯಿತು. ಆದರೂ ಚೀಟಿಯ ಹಿಂದೆ ಚಿತ್ರ ಬರೆದು ಬಿಡಿಸಿ ಹೇಳಿದರು. ಕೆಲವು ಗಂಟಲು ನೋವು ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಬರುತ್ತದೆ. ಕೆಮ್ಮಿದರೆ, ಸೀನಿದರೆ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ. ಅದನ್ನು ಹೊಡೆದೋಡಿಸಲು ಮೈ ಪಡೆ ಕಟ್ಟುತ್ತದೆ. ಸರಿಯಾದ ಔಷಧಿ ಬೀಳದಿದ್ದರೆ, ಕೆಲವು ಮಕ್ಕಳಲ್ಲಿ ಆ ಪಡೆ ಹಗೆಯನ್ನು ಬಿಟ್ಟು ಮನೆಯವರ ಮೇಲೇ ಬೀಳುತ್ತದೆ, ಅಂದರೆ ಕೀಲುಗಳ ಮೇಲೆ, ಹೃದಯದ ಮೇಲೆ. ಕೀಲು ವಾಸಿಯಾಗುತ್ತದೆ. ಹೃದಯದೊಳಗಿನ ಬಾಗಿಲಿನಂಥ ಕವಾಟದಲ್ಲಿ ಗಾಯದ ಕಲೆ ಉಳಿಯುತ್ತದೆ, ವರ್ಷ ಕಳೆದ ಹಾಗೆ ಅದು ದಪ್ಪಗಾಗಿ ಬಿಗಿಯುತ್ತದೆ. ರಕ್ತ ಮುಂದಕ್ಕೆ ಹೋಗಲಾರದೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು, ಕೆಮ್ಮು, ಕಫದಲ್ಲಿ ರಕ್ತ. ಬಸುರಿನಲ್ಲಿ ಹೃದಯದ ಕೆಲಸ ಹೆಚ್ಚುವುದರಿಂದ ಇನ್ನೂ ಕಷ್ಟ.

“ಇದು ಅಂಟುತ್ತಾ ಮೇಡಂ?” ಆಯಮ್ಮ ಕೇಳಿದ್ದು ಅದೊಂದೇ.

“ಗಂಟಲಿನದ್ದು ಅಂಟುತ್ತೆ. ಬಾಗಿಲು ಬಿಗಿದಿದ್ದು ಅಂಟಲ್ಲ.”

ನಾನು ಚೀಟಿಯನ್ನೇ ನೋಡುತ್ತ ಕೂತಿದ್ದೆ. ಹಲಗೆಯ ನಡುವೆ ಗೆರೆ ಎಳೆದವಳಿಗೆ ಈಕೆಯನ್ನು ಯಾವ ಕಡೆ ಬರೆಸಬೇಕೆಂದು ತಿಳಿಯಲಿಲ್ಲ.

ವಾಪಸು ಬರುವಾಗ ಆಟೊದಲ್ಲಿ ದೂರಿನ ಪುಸ್ತಕದ ಮಾತೆತ್ತಿದೆ. ನಾನು ಹಾಗೆ ಬರೆಯಬಾರದಿತ್ತು ಎಂದೆ.

“ಗೊತ್ತು ಮಿಸ್, ಹೆಡ್ ಮೇಡಂ ಓದಿ ಹೇಳಿದ್ರು” ಎಂದಳು. “ನೀವು ಬರೆದಿದ್ದರಲ್ಲಿ ತಪ್ಪೇನಿದೆ? ನಾನೂ ಹಾಗೇ ಅಂದ್ಕೊಂಡಿದ್ದೆ. ಅಮ್ಮ ಅಂದ್ರು, ಅತ್ತೆ ಅಂದ್ರು, ಇಷ್ಟು ಜನ ಅಂದ ಮೇಲೆ ನಾನು ಮೈಗಳ್ಳಿನೇ ಇರಬೇಕು ಅಂತ. ಬೆಳಿಗ್ಗೆ ಎದ್ದು ನನ್ನನ್ನ ನಾನೇ ಬೈದುಕೊಂಡು ಹೊರಡ್ತಿದ್ದೆ.”

ದೊಡ್ಡ ಆಸ್ಪತ್ರೆಯ ಸ್ಕ್ಯಾನಿನಲ್ಲಿ ಡಾಕ್ಟರಮ್ಮನ ಮಾತು ನಿಜವಾಯಿತು. ಎರಡು ಬೆರಳು ಸಲೀಸಾಗಿ ತೂರಬೇಕಾದ ಕಡೆ ಕಿರುಬೆರಳೂ ತೂರದಷ್ಟು ಕವಾಟ ಕಿರಿದಾಗಿತ್ತು. ಹತ್ತು ವಾರ ಕಾದ ಮೇಲೆ ಸರದಿ ಬಂತು. ಎದೆ ಕೊಯ್ಯಲಿಲ್ಲ. ತೊಡೆಸಂದಿಯ ರಕ್ತನಾಳದಿಂದ ತೆಳುವಾದ ಕೊಳವೆಯನ್ನು ಹೃದಯದವರೆಗೆ ತೂರಿಸಿ, ಅದರ ತುದಿಯ ಪುಟ್ಟ ಬಲೂನನ್ನು ಉಬ್ಬಿಸಿ ಕವಾಟವನ್ನು ಬಿಡಿಸಿದರು. ಮೂರನೆಯ ದಿನ ಅಕ್ಕ ಬಂದು ಮನೆಗೆ ಕರೆದೊಯ್ದಳು. ಆ ರಾತ್ರಿ ಆಯಮ್ಮ ಎಷ್ಟೋ ತಿಂಗಳ ಮೇಲೆ ಚಾಪೆಯ ಮೇಲೆ ಉದ್ದಕ್ಕೆ ಮಲಗಿದಳಂತೆ.

ಹಾಗೆಂದು ಎಲ್ಲ ನೆಟ್ಟಗಾಯಿತೆಂದು ಹೇಳಲಾರೆ. ಇಪ್ಪತ್ತೇಳು ವರ್ಷ ಬಿಗಿದ ಬಾಗಿಲನ್ನು ತಳ್ಳಿ ಸೋತ ಹೃದಯ ಅದು. ಒಂದು ಮಹಡಿ ನಿಲ್ಲದೆ ಹತ್ತುತ್ತಾಳೆ, ಎರಡನೆಯದಕ್ಕೆ ಒಮ್ಮೆ ನಿಲ್ಲುತ್ತಾಳೆ. ಗಂಟಲಿನ ರೋಗಾಣು ಮತ್ತೆ ಬಂದರೆ ಕವಾಟ ಇನ್ನಷ್ಟು ಕೆಡುತ್ತದಾದ್ದರಿಂದ ಮೂರು ವಾರಕ್ಕೊಮ್ಮೆ ಪೆನ್ಸಿಲಿನ್ ಚುಚ್ಚಿಸಿಕೊಳ್ಳಬೇಕು. ಗಂಜಿಯ ಹಾಗೆ ಗಟ್ಟಿಯಾದ ಔಷಧಿ. ಸೊಂಟದ ಕೆಳಗೆ ಚುಚ್ಚಿದರೆ ಎರಡು ದಿನ ಕುಂಟುತ್ತಾಳೆ. “ಇನ್ನೂ ಎಷ್ಟು ವರ್ಷ?” ಎಂದು ಕೇಳಿದ್ದಕ್ಕೆ ನರ್ಸ್ ನಕ್ಕುಬಿಟ್ಟಳಂತೆ. ಮೂರನೆಯ ಮಹಡಿ ಈಗ ದೊಡ್ಡಾಯಮ್ಮನ ಪಾಲಿಗೆ. ಅದಕ್ಕೆ ಆಕೆ ಗೊಣಗುತ್ತಾಳೆ, ಗೊಣಗುತ್ತಲೇ ಗುಡಿಸುತ್ತಾಳೆ. ತಿಂಗಳೊಪ್ಪತ್ತು ಈಕೆಯನ್ನು ‘ಆಯಮ್ಮ’, ‘ತಾಯಿ’ ಎಂದೆಲ್ಲ ಕರೆದು ನೋಡಿದಳು. “ಹಾಗೆಲ್ಲ ಕರೆದ್ರೆ ಇವಳು ತಿರುಗಿಯೂ ನೋಡಲ್ಲ” ಎಂದು ಹಳೆಯ ಹೆಸರಿಗೇ ಬಂದಳು.

ಕ್ಲಾಸಿಗೆ ಬಂದು ಮಕ್ಕಳೆದುರು ಎರಡು ಮಾತಾಡುತ್ತೀರಾ ಎಂದು ಒಮ್ಮೆ ಕೇಳಿದೆ. “ಬೇಡ ಮಿಸ್, ಆಮೇಲೆ ಮಕ್ಕಳು ನನ್ನ ಮುಖ ಬಿಟ್ಟು ಎದೇನೇ ನೋಡ್ತಾರೆ” ಎಂದಳು. ಬಲವಂತ ಮಾಡಲಿಲ್ಲ. ಆಕೆಯ ಸುದ್ದಿ ಎತ್ತದೆ, ಗಂಟಲಿನಿಂದ ಹೃದಯಕ್ಕೆ ಹೋಗುವ ಈ ರೋಗವನ್ನು ಆರನೆಯ ಮತ್ತು ಏಳನೆಯ ಪಾಠಗಳ ನಡುವೆ ಒಂದು ಪೀರಿಯಡ್ ಹೇಳಿದೆ. ಕೊನೆಗೆ ಮುಂದಿನ ಬೆಂಚಿನ ಹುಡುಗಿ ಕೈಯೆತ್ತಿದಳು: “ಮಿಸ್, ಇದನ್ನ ಪರೀಕ್ಷೇಲಿ ಯಾವ ಪಾಠದ ಕೆಳಗೆ ಬರೀಬೇಕು?”

ಕಳೆದ ತಿಂಗಳು ಆಯಮ್ಮನ ಅಕ್ಕನ ಮಗಳಿಗೆ, ಒಂಬತ್ತು ವರ್ಷದವಳು, ಗಂಟಲು ನೋವು, ಜ್ವರ ಬಂತು. ಡಾಕ್ಟರಮ್ಮ ಬಾಯಿಗೆ ಬೆಳಕು ಬಿಟ್ಟು ನೋಡಿ, ಗಂಟಲಿನ ಕೀವು ತೆಗೆದು ಪರೀಕ್ಷಿಸಿ, ಹತ್ತು ದಿನಕ್ಕೆ ಮಾತ್ರೆ ಬರೆದರು. ನಾಲ್ಕನೆಯ ದಿನ ಮಗು ಆಡತೊಡಗಿತು. ಜ್ವರ ಬಿಟ್ಟ ಮೇಲೆ ಮಾತ್ರೆ ಯಾಕೆಂದು ಅಕ್ಕ ನಿಲ್ಲಿಸಿಬಿಟ್ಟಳು. ಅದನ್ನು ಕೇಳಿ ಆಯಮ್ಮ ಬಾಯಿಗೆ ಬಂದಂತೆ ಬೈದಳಂತೆ. ಹುಟ್ಟಿದಾಗಿನಿಂದ ದನಿ ಎತ್ತದ ತಂಗಿ ಹಾಗೆ ಕೂಗಾಡಿದ್ದಕ್ಕೆ ಅಕ್ಕ ಬಾಗಿಲಲ್ಲೇ ನಿಂತುಬಿಟ್ಟಳು.

ಅಕ್ಕನ ಮೇಲೆ ನಂಬಿಕೆಯಿಲ್ಲದೆ ಅಂದಿನಿಂದ ಆಕೆಯೇ ಶಾಲೆ ಮುಗಿಸಿ ಹೋಗತೊಡಗಿದಳು. ಅಕ್ಕನ ಮನೆ ಎರಡನೆಯ ಮಹಡಿಯಲ್ಲಿ. ಒಂದು ಕಡೆ ಕೂತು ಸುಧಾರಿಸಿಕೊಂಡು, ಮೇಲೆ ಹೋಗಿ, ಬೆಳಗಿನ ಮಾತ್ರೆ ಹೋಗಿದೆಯೇ ಎಂದು ಎಣಿಸಿ, ಸಂಜೆಯದನ್ನು ಎದುರಿಗೇ ನುಂಗಿಸಿ, ಬಾಯಿ ತೆರೆಸಿ ನಾಲಿಗೆಯ ಕೆಳಗೂ ನೋಡಿ ಇಳಿಯುವಳು. ಕೊನೆಯ ಮಾತ್ರೆಯ ದಿನ ಆಕೆಗೂ ಇಂಜೆಕ್ಷನ್ ಆಗಿತ್ತು, ಕುಂಟುತ್ತಲೇ ಹೋದಳು.

“ಮುಗೀತಲ್ಲ, ನಾಳೆಯಿಂದ ಬರಬೇಡ ಮಾರಾಯ್ತಿ” ಎಂದಳು ಅಕ್ಕ.

“ಬರಲ್ಲ ಬಿಡಕ್ಕ, ನಂಗೂ ಸಾಕಾಗಿದೆ” ಎಂದು ಆಯಮ್ಮ ಅಲ್ಲೇ ಮಂಚದ ಅಂಚಿಗೆ ಕೂತಳು, ಕೂತವಳು ಹಾಗೇ ಅಡ್ಡಾದಳು. ಮಗು ಎಬ್ಬಿಸಲು ಹೋದಾಗ ಅಕ್ಕ ಕಣ್ಣಲ್ಲೇ ಗದರಿಸಿ, ಒಲೆಯ ಮೇಲಿದ್ದ ಟೀಯನ್ನು ಇಳಿಸಿ ಮುಚ್ಚಿಟ್ಟಳು.