ತಮಾದಾನ ಗಂಟಲು ಕಟ್ಟಿದಾಗ

ಗ್ಯೂಮ್ರಿ ಊರಿನ ಸಂಬತ್ ಮೂವತ್ತು ವರ್ಷ ಕಾಲುಚೀಲದ ಕಾರ್ಖಾನೆಯ ಉಗ್ರಾಣ ನೋಡಿಕೊಂಡು ನಿವೃತ್ತನಾದವನು. ಆದರೆ ಊರಲ್ಲಿ ಅವನನ್ನು ಉಗ್ರಾಣದ ಸಂಬತ್ ಎಂದು ಯಾರೂ ಕರೆಯಲಿಲ್ಲ. ಅವನು ತಮಾದಾ. ಮದುವೆಯಾಗಲಿ, ನಾಮಕರಣವಾಗಲಿ, ಮಗನನ್ನು ಸೈನ್ಯಕ್ಕೆ ಕಳಿಸುವ ಊಟವಾಗಲಿ, ಮೇಜಿನ ತಲೆಗೆ ಕೂತು, ಲೋಟ ಎತ್ತಿ, ಇದ್ದವರಿಗೂ ಸತ್ತವರಿಗೂ ಸರದಿಯಂತೆ ಹಾರೈಸುವ ಹಿರಿತನ ಅವನದು. ತಮಾದಾ ಮಾತು ಮುಗಿಸುವವರೆಗೆ ಯಾರೂ ಕುಡಿಯುವಂತಿಲ್ಲ, ತಟ್ಟೆಗೆ ಕೈ ಹಾಕುವಂತಿಲ್ಲ. ಅಡುಗೆಮನೆಯಿಂದ ಬಿಸಿ ಪಾತ್ರೆ ಹಿಡಿದು ಬಂದವಳು ಹೊಸ್ತಿಲಲ್ಲೇ ನಿಲ್ಲಬೇಕು. ಈ ಕೊನೆಯ ನಿಯಮ ಮಾಡಿದವರು ಯಾರೋ ಗೊತ್ತಿಲ್ಲ. ಬಿಸಿ ಪಾತ್ರೆ ಹಿಡಿದವರಂತೂ ಅಲ್ಲ.

ಸಂಬತ್‌ನ ಮನೆಯಲ್ಲಿ ಆ ಹೊಸ್ತಿಲಲ್ಲಿ ನಿಲ್ಲುತ್ತಿದ್ದವಳು ಅವನ ಹೆಂಡತಿ ಸಾತೆನಿಕ್. ಮದುವೆಯಾಗಿ ಮೂವತ್ತೆಂಟು ವರ್ಷವಾಗಿತ್ತು. ದ್ರಾಕ್ಷಿ ಎಲೆಯನ್ನು ಒಂದೊಂದಾಗಿ ಹರವಿ, ಕೊಚ್ಚಿದ ಮಾಂಸ, ಅಕ್ಕಿ, ಸೊಪ್ಪು ತುಂಬಿ, ಕಿರುಬೆರಳಿನ ಗಾತ್ರಕ್ಕೆ ಸುತ್ತಿ ಅವಳು ಮಾಡುವ ತೋಲ್ಮಾ ಇಡೀ ಬೀದಿಯಲ್ಲಿ ಹೆಸರಾಗಿತ್ತು. ಹೆಸರಷ್ಟೇ. ಅದು ಬಿಸಿಯಾಗಿದ್ದಾಗ ಹೇಗಿರುತ್ತದೆಂದು ಬೀದಿಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಸಂಬತ್ ಹಾರೈಕೆಯನ್ನು ಆರಂಭಿಸುತ್ತಿದ್ದುದೇ ನೋವನ ನಾವೆ ಬೆಟ್ಟಕ್ಕೆ ತಗುಲಿದ ದಿನದಿಂದ. ಅಲ್ಲಿಂದ ರಾಜರುಗಳನ್ನು ದಾಟಿ, ಊರನ್ನು ಕೆಡವಿದ ಭೂಕಂಪವನ್ನು ದಾಟಿ, ಈ ಮೇಜಿಗೆ ಬರುವ ಹೊತ್ತಿಗೆ ತೋಲ್ಮಾದ ಮೇಲೆ ಕೊಬ್ಬು ಬಿಳಿಯಾಗಿ ಹೆಪ್ಪುಗಟ್ಟಿರುತ್ತಿತ್ತು. ಮೂರನೆಯ ಹಾರೈಕೆಯೋ ನಾಲ್ಕನೆಯದೋ ಯಾವಾಗಲೂ ಹೆಂಗಸರಿಗೆ ಮೀಸಲು. "ನಮ್ಮ ಮನೆಯ ಕಂಬಗಳು, ಏನನ್ನೂ ಕೇಳದ ದೇವತೆಗಳು" ಎಂದು ಅವನು ಗದ್ಗದಿತನಾಗುವಾಗ ದೇವತೆಯ ಎರಡೂ ಕೈ ಸುಡುತ್ತಿರುತ್ತಿದ್ದವು.

ಆ ವಸಂತದಲ್ಲಿ ಸಂಬತ್‌ನ ಗಂಟಲು ಕೆಟ್ಟಿತು. ಮೊದಲು ಕರಕರ ಎಂದಿತು, ಆಮೇಲೆ ಕೀರಲಾಯಿತು. ವೈದ್ಯರು ದೀಪ ಹಾಕಿ ನೋಡಿ, ದನಿತಂತಿಯ ಮೇಲೆ ಗಂಟು ಎದ್ದಿದೆ, ಮೂರು ವಾರ ಒಂದಕ್ಷರವೂ ಆಡಕೂಡದು, ಪಿಸುಮಾತೂ ಕೂಡದು ಎಂದರು. ಸಾತೆನಿಕ್ ಮಾರನೆಯ ದಿನವೇ ಆ ವೈದ್ಯರಿಗೆ ಗಾತಾ ಎಂಬ ಎರಡು ದೊಡ್ಡ ಸಿಹಿ ರೊಟ್ಟಿಯನ್ನೂ ಒಂದು ಜಾಡಿ ಎಳೆ ಆಕ್ರೋಟಿನ ಮುರಬ್ಬವನ್ನೂ ಕೊಟ್ಟು ಬಂದಳು. ಯಾಕೆಂದು ಯಾರೂ ಕೇಳಲಿಲ್ಲ.

ಸಂಬತ್ ಇನ್ನೂರು ಪುಟದ ಖಾಲಿ ಪುಸ್ತಕವೊಂದನ್ನು ಕೊಂಡು ತಂದು, ಹೇಳಬೇಕಾದದ್ದನ್ನೆಲ್ಲ ಅದರಲ್ಲಿ ಬರೆಯತೊಡಗಿದ. ಉಪ್ಪು ಬೇಕಾದರೂ ಉಪ್ಪಿನ ಮಹಿಮೆಯಿಂದ ಆರಂಭಿಸುತ್ತಿದ್ದ. ಆ ವಾರ ಸಾತೆನಿಕ್‌ಳ ಕನ್ನಡಕ ಪದೇ ಪದೇ ಕಳೆದುಹೋಗುತ್ತಿತ್ತು. ಅವನು ಬರೆದು ಮುಗಿಸಿ ಪುಸ್ತಕ ಮುಚ್ಚಿದ ಮೇಲೆ ಸಿಗುತ್ತಿತ್ತು.

ಇಂಥ ಹೊತ್ತಿನಲ್ಲೇ ಮೊಮ್ಮಗಳು ಯೆವಾಗೆ ಮೊದಲ ಹಲ್ಲು ಮೂಡಿತು. ಹಲ್ಲು ಬಂದ ಮೇಲೆ ಹಲ್ಲಿನ ಊಟ ಆಗಲೇಬೇಕು, ಅಜ್ಜನ ಗಂಟಲಿಗಾಗಿ ಕಾಯುವಂತಿಲ್ಲ. ಇಪ್ಪತ್ತಾರು ಜನಕ್ಕೆ ಕರೆ ಹೋಯಿತು. ಸೊಸೆ ಆರ್ಪಿಯ ಅಪ್ಪ ಗುರ್ಗೆನ್ ಯೆರೆವಾನಿನಿಂದ ಫೋನ್ ಮಾಡಿ, ಬೀಗರಿಗೆ ದನಿ ಇಲ್ಲವಂತೆ, ಚಿಂತೆ ಬೇಡ, ಮೇಜನ್ನು ನಾನು ನಡೆಸಿಕೊಡುತ್ತೇನೆ ಎಂದ. ಇದನ್ನು ಕೇಳಿ ಸಂಬತ್‌ನ ಮುಖ ಬೇಯಿಸಿದ ಬೀಟ್‌ರೂಟಿನ ಬಣ್ಣಕ್ಕೆ ತಿರುಗಿತು. ರಾಜಧಾನಿಯವನೊಬ್ಬ ಬಂದು ಗ್ಯೂಮ್ರಿಯವನ ಮನೆಯಲ್ಲಿ, ಗ್ಯೂಮ್ರಿಯವನ ಮೇಜಿನ ತಲೆಗೆ ಕೂರುವುದು! ಮೂರು ದಿನ ಕೂತು ಅವನು ಎಲ್ಲ ಹಾರೈಕೆಗಳನ್ನೂ ಹಾಳೆಗಳ ಮೇಲೆ ಬರೆದ. ಓದುವುದಕ್ಕೆ ಯಾರು? ಮಗ ಹ್ರಾಂತ್ ನಾಲ್ಕು ಜನರೆದುರು ತೊದಲುತ್ತಾನೆ. ಕೊನೆಗೆ ಹೆಂಡತಿಯ ಮುಂದೆ ಪುಸ್ತಕ ಹಿಡಿದ: "ನೀನು ಓದು. ಬರೆದದ್ದಷ್ಟೇ. ನೀನು ಬರೀ ಮೈಕು."

ಸಾತೆನಿಕ್‌ಗೆ ಕನ್ನಡಕ ತಕ್ಷಣ ಸಿಕ್ಕಿತು. "ಆಗ್ಲಿ ಬಿಡು," ಎಂದಳು. "ಮೈಕಿಗೇನು ಕಷ್ಟ."

ಆ ಭಾನುವಾರ ಯೆವಾಳನ್ನು ಚಾಪೆಯ ಮೇಲೆ ಕೂರಿಸಿ, ತಲೆಗೆ ಬಿಳಿ ಬಟ್ಟೆ ಹೊದಿಸಿ, ಬೇಯಿಸಿದ ಗೋಧಿ, ಕಡಲೆ, ಒಣದ್ರಾಕ್ಷಿಯನ್ನು ಮೇಲಿಂದ ಸುರಿದರು. ಎದುರಿಗೆ ತಟ್ಟೆಯಲ್ಲಿ ಕತ್ತರಿ, ಪೆನ್ನು, ಕನ್ನಡಿ, ಬಾಚಣಿಗೆ ಇಟ್ಟಿದ್ದರು. ಮಗು ಏನು ಹಿಡಿಯುವುದೋ ಅದೇ ಅದರ ಮುಂದಿನ ಕಸುಬು. ಯೆವಾ ಬಾಚಣಿಗೆ ಹಿಡಿದಳು. ಗುರ್ಗೆನ್ ತಡಮಾಡದೆ, ಬಾಚಣಿಗೆ ಎಂದರೆ ತಲೆ, ತಲೆ ಎಂದರೆ ಮೆದುಳು, ಮಗು ಮೆದುಳಿನ ಶಸ್ತ್ರವೈದ್ಯೆಯಾಗುತ್ತಾಳೆ ಎಂದು ಸಾರಿದ. ಪಕ್ಕದಲ್ಲೇ ಕತ್ತರಿಯೂ ಇತ್ತಲ್ಲ ಎಂದು ಅವನ ಹೆಂಡತಿ ಪುರಾವೆ ಕೊಟ್ಟಳು. ಕ್ಷೌರದ ಅಂಗಡಿಯ ಮಾತನ್ನು ಯಾರೂ ಎತ್ತಲಿಲ್ಲ.

ಊಟಕ್ಕೆ ಕೂತರು. ಸಂಬತ್ ಮೇಜಿನ ತಲೆಗೆ, ಮಗ್ಗುಲಲ್ಲಿ ಹಾಳೆಗಳ ಕಟ್ಟು ಹಿಡಿದು ಸಾತೆನಿಕ್. ಗುರ್ಗೆನ್ ಎದುರಿಗೇ ಕೂತು, ಯಾವಾಗ ಕರೆ ಬರುವುದೋ ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದ. ಆರ್ಪಿ ತೋಲ್ಮಾದ ದೊಡ್ಡ ಪಾತ್ರೆ ಹಿಡಿದು, ಪದ್ಧತಿಯಂತೆ, ಹೊಸ್ತಿಲಲ್ಲಿ ನಿಂತಳು.

ಮೊದಲ ಹಾರೈಕೆ ನಾಲ್ಕು ಹಾಳೆ, ಎರಡೂ ಬದಿ. ಸಾತೆನಿಕ್ ಕಣ್ಣಾಡಿಸುತ್ತ ಒಂದೊಂದಾಗಿ ಮಗುಚಿದಳು. ನಾವೆ ಇತ್ತು, ಬೆಟ್ಟವಿತ್ತು, ಪಾರಿವಾಳವೂ ಇತ್ತು. ಸೊಸೆಯ ಬೆರಳುಗಳು ಕೆಂಪಾಗುತ್ತಿದ್ದುದು ಅವಳಿಗೆ ಹಾಳೆಯ ಅಂಚಿನಿಂದ ಕಾಣಿಸಿತು. ಅವಳು ಲೋಟ ಎತ್ತಿದಳು.

"ಮಗೂಗೆ ಹಲ್ಲು ಬಂದಿದೆ. ನಮಗೆ ಉದುರೋದ್ರೊಳಗೆ ಉಣ್ಣೋಣ. ಯೆವಾ ಚೆನ್ನಾಗಿರ್ಲಿ."

ಎಲ್ಲರೂ ಲೋಟ ಹಿಡಿದು ಅವಳನ್ನೇ ನೋಡಿದರು. ಇನ್ನೂ ಇದೆಯೇನೋ ಎಂದು ಕಾದರು. ಇಲ್ಲ ಎಂದು ಖಾತ್ರಿಯಾದ ಮೇಲೆ ಇಪ್ಪತ್ತಾರು ಜನರೂ ಗಟಗಟ ಕುಡಿದು ತಟ್ಟೆ ಮುಂದೆ ಚಾಚಿದರು. ಸಂಬತ್ ಅವಳ ಮೊಣಕೈ ತಿವಿದ, ಹಾಳೆಯನ್ನು ಬೆರಳಿಂದ ಕುಟ್ಟಿದ. ಅವಳು ಹಾಳೆಯನ್ನು ಮಡಿಸಿ ಬ್ರೆಡ್ಡಿನ ಬುಟ್ಟಿಯ ಕೆಳಗಿಟ್ಟಳು. ಎರಡನೆಯದು ತಂದೆತಾಯಿಗಳಿಗೆ, ಐದು ಹಾಳೆ. "ಹೆತ್ತವ್ರಿಗೆ. ಸಾಕಿದ್ದಕ್ಕೆ," ಎಂದು ಅದನ್ನು ಮುಗಿಸಿದಳು.

ಮೂರನೆಯದು ಹೆಂಗಸರಿಗೆ. ಇದನ್ನು ಮಾತ್ರ ಅವಳು ನಿಧಾನವಾಗಿ, ಪೂರ್ತಿ, ಮನಸ್ಸಿನಲ್ಲೇ ಓದಿದಳು. ಕಂಬ ಇತ್ತು. ಏನನ್ನೂ ಕೇಳದ ದೇವತೆಯೂ ಇದ್ದಳು. ಕಾಗುಣಿತ ತಪ್ಪಾಗಿತ್ತು. ಅವಳು ಕನ್ನಡಕ ಸರಿಮಾಡಿಕೊಂಡಳು.

"ಇಲ್ಲಿ ಹೀಗೆ ಬರ್ದಿದಾನೆ," ಎಂದಳು. "ಇನ್ನು ಮುಂದೆ ಇವತ್ತು ಹೆಂಗಸ್ರು ಯಾರೂ ಎದ್ದೇಳಬಾರ್ದು. ತರೋದು, ಬಡಿಸೋದು, ಪಾತ್ರೆ ತೊಳೆಯೋದು, ಕಾಫಿ ಕಾಸೋದು, ಎಲ್ಲ ಗಂಡಸ್ರದ್ದು. ಮೇಜಿನ ಯಜಮಾನನ ಅಪ್ಪಣೆ."

ಹೆಂಗಸರ ಕಡೆ ಯಾರೋ ಕೆಮ್ಮಿದಂತೆ ನಕ್ಕರು. ಗುರ್ಗೆನ್ ಫೋರ್ಕು ಕೆಳಗಿಟ್ಟು ಸಂಬತ್‌ನನ್ನೇ ನೋಡಿದ.

"ಬೀಗ್ರೇ, ನಿಜವಾಗ್ಲೂ ನೀವೇ ಬರ್ದಿದ್ದಾ? ಅಲ್ಲ ಅಂದ್ರೆ ಹೇಳಿ, ಮೇಜು ನಾನು ನೋಡ್ಕೋತೀನಿ."

ಸಂಬತ್ ಅಲ್ಲ ಎಂದು ತಲೆಯಾಡಿಸಿದರೆ ತನ್ನ ಮೇಜಿನಲ್ಲಿ ತನ್ನ ಮಾತು ನಡೆಯುವುದಿಲ್ಲ ಎಂದು ಯೆರೆವಾನಿನವನ ಎದುರು ಒಪ್ಪಿಕೊಂಡ ಹಾಗೆ. ಹೌದು ಎಂದರೆ ಪಾತ್ರೆ ತೊಳೆಯಬೇಕು. ಅವನ ಹಣೆಯ ನರ ಎರಡು ಸಲ ಉಬ್ಬಿ ಇಳಿಯಿತು. ಆಮೇಲೆ, ಸಿಂಹಾಸನದಿಂದ ಇಳಿಯುವವನ ಗಾಂಭೀರ್ಯದಲ್ಲಿ ಎದ್ದು, ಹೌದೆಂದು ತಲೆಯಾಡಿಸಿ, ಗುರ್ಗೆನ್‌ಗೂ ಏಳುವಂತೆ ಸನ್ನೆ ಮಾಡಿ ಅಡುಗೆಮನೆಗೆ ನಡೆದ.

ಅಲ್ಲಿ ಇಬ್ಬರು ಬೀಗರೂ ಒಂದು ಸೌಟಿಗಾಗಿ ಸಾಕಷ್ಟು ಹೊತ್ತು ಹುಡುಕಿದರು. ಸೌಟು ಗೋಡೆಯ ಮೇಲೆ, ಅವರ ಮೂಗಿನ ನೇರಕ್ಕೆ ತೂಗುತ್ತಿತ್ತು. ಬೆಳ್ಳುಳ್ಳಿ ಹಾಕಿದ ಮೊಸರಿನ ಬಟ್ಟಲು ಗುರ್ಗೆನ್‌ನ ಹೊಸ ಪ್ಯಾಂಟಿನ ಮೇಲೆ ಇಳಿಯಿತು. ಹ್ರಾಂತ್ ಕಾಫಿ ಉಕ್ಕಿಸಿ ಒಲೆ ಆರಿಸಿದ. ಸಾತೆನಿಕ್ ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ ತನ್ನದೇ ಮೇಜಿನಲ್ಲಿ ಬೆನ್ನು ಒರಗಿಸಿ ಕೂತು, ಈ ಸದ್ದುಗಳನ್ನು ಸಂಗೀತ ಕೇಳುವವಳಂತೆ ಕೇಳಿದಳು. ಆರ್ಪಿ ಎರಡು ಸಲ ಏಳಲು ನೋಡಿದಳು. ಅತ್ತೆ ಅವಳ ಮಂಡಿಯ ಮೇಲೆ ಕೈಯಿಟ್ಟು ಕೂರಿಸಿ, "ನಿಮ್ಮಪ್ಪ ಕಲೀಲಿ ಬಿಡೇ. ವಯಸ್ಸೇನಾಗಿದೆ ಮಹಾ," ಎಂದಳು.

ತೋಲ್ಮಾದ ಎರಡನೆಯ ಪಾತ್ರೆ ಹೊತ್ತು ಬಂದ ಸಂಬತ್, ಮಾತಾಡುವ ಕೆಲಸವಿಲ್ಲದ್ದರಿಂದ, ಕೂತು ಒಂದನ್ನು ಬಾಯಿಗಿಟ್ಟ. ಅಗಿಯುವುದನ್ನು ನಿಲ್ಲಿಸಿದ. ಮತ್ತೊಂದು ತಿಂದ. ಏಳನೆಯದು ಮುಗಿದ ಮೇಲೆ ಪುಸ್ತಕ ಎಳೆದುಕೊಂಡು ಬರೆದು ಹೆಂಡತಿಯ ಕಡೆಗೆ ತಿರುಗಿಸಿದ: "ಇದು ಹೊಸ ರೀತಿಯದಾ?"

ಸಾತೆನಿಕ್ ಓದಿದಳು. ಕೋಪ ಬಂತು, ನಗುವೂ ಬಂತು. ಇಷ್ಟು ವರ್ಷ ತಾನು ಯಾರಿಗಾಗಿ ಎಲೆ ಸುತ್ತುತ್ತಿದ್ದೆ ಎಂದು ಎಲ್ಲೋ ಒಳಗೆ ಚುಚ್ಚಿತು ಕೂಡ.

"ಹಳೇದೇ," ಎಂದಳು ಮೆಲ್ಲಗೆ. "ಬಿಸಿ ಇದೆ, ಅಷ್ಟೇ."

ಆ ದಿನದ ಸುದ್ದಿ ಬೀದಿಯಲ್ಲಿ ಹಬ್ಬಿತು. ಮೂರು ವಾರ ಕಳೆದು ಸಂಬತ್‌ನ ದನಿ ಮರಳಿದರೂ ಊಟಕ್ಕೆ ಕರೆಯಲು ಬಂದವರು "ಸಾತೆನಿಕ್ ಅಕ್ಕ ಕನ್ನಡಕ ತರ್ಲಿ" ಎಂದು ಸೇರಿಸುತ್ತಿದ್ದರು. ಅವನು ಎರಡು ವಾರ ಮುಖ ಊದಿಸಿಕೊಂಡು ತಿರುಗಿದ. ಅವಳು ಮಾತ್ರ ಹಾರೈಸುವುದಕ್ಕೆ ಯಾರ ಮೇಜಿನಲ್ಲೂ ಮತ್ತೆ ಎದ್ದು ನಿಲ್ಲಲಿಲ್ಲ. ನಿಂತು ನಿಂತು ಸಾಕಾಗಿದೆ, ಕೂರುವುದಕ್ಕೆ ಕರೆದರೆ ಬರುತ್ತೇನೆ ಎಂದಳು. ಮನೆಯಲ್ಲಿ ಗಂಡ ಪಾತ್ರೆಯನ್ನು ಮತ್ತೆ ತೊಳೆದನೇ ಎಂದು ಕೇಳಿದವರಿಗೆ, ಒಮ್ಮೆ ತೊಳೆದಿದ್ದಾನೆ, ಅದರ ಬಗ್ಗೆ ಈಗಲೂ ಭಾಷಣ ಮಾಡುತ್ತಾನೆ ಎನ್ನುತ್ತಿದ್ದಳು.

ಅಕ್ಟೋಬರಿನಲ್ಲಿ ಗುರ್ಗೆನ್ ತನ್ನ ಅರವತ್ತರ ಊಟಕ್ಕೆ ಬೀಗರನ್ನು ಯೆರೆವಾನಿಗೆ ಕರೆದ. ತಮಾದಾ ತಾನೇ. ಎದ್ದು ನಿಂತು, ತನ್ನ ಮುತ್ತಜ್ಜನಿಂದ ಆರಂಭಿಸಿ, ಕಾಲು ಗಂಟೆಯಾದರೂ ಅಜ್ಜನ ಮದುವೆಯನ್ನು ದಾಟಿರಲಿಲ್ಲ. ಹೊಸ್ತಿಲಲ್ಲಿ ಅವನ ಹೆಂಡತಿ ಹಬೆಯಾಡುವ ತೋಲ್ಮಾದ ಪಾತ್ರೆ ಹಿಡಿದು ಕಾಲು ಬದಲಾಯಿಸುತ್ತಿದ್ದಳು. ಸಂಬತ್ ಮೊದಲು ಪಾತ್ರೆ ನೋಡಿದ, ಆಮೇಲೆ ಗುರ್ಗೆನ್‌ನನ್ನು ನೋಡಿದ.

"ಬೀಗ್ರೇ," ಎಂದ, ಚೆನ್ನಾಗಿ ವಾಸಿಯಾದ ಗಂಟಲಿನಲ್ಲಿ. "ನಿಮ್ಮಜ್ಜಂಗೆ ಆತುರ ಇಲ್ಲ. ತೋಲ್ಮಾ ಆರ್ತಿದೆ."

ಇದು ಹೆಂಗಸರ ಮೇಲಿನ ಕನಿಕರವಲ್ಲ, ಬರೀ ಹೊಟ್ಟೆಬಾಕತನ ಎಂಬುದು ಸಾತೆನಿಕ್‌ಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ತಟ್ಟೆಯನ್ನು ಎಲ್ಲರಿಗಿಂತ ಮೊದಲು ಮುಂದೆ ಚಾಚಿದಳು.