ನಲ್ಲಿ ಲೈನಿನ ಪಾಪಕ್ಕ

ಇಂಗ್ಲಿಷಿನವರು ನಮ್ಮ ಕೋಲಾರ ಚಿನ್ನದ ಗಣಿಯ ಊರಿಗಾಮಿನಲ್ಲಿ ಬಿಟ್ಟುಹೋದ ಮಾತುಗಳಲ್ಲಿ 'ಲೈನು' ದುಡಿದಷ್ಟು ಇನ್ಯಾವುದೂ ದುಡಿದಿಲ್ಲ. ಗಣಿ ಕೂಲಿಯವರ ಸಾಲುಮನೆ ಲೈನು. ಮಾರಿಕುಪ್ಪಂನಿಂದ ಬಂಗಾರಪೇಟೆಗೆ ರೈಲು ಓಡುವುದು ಲೈನು. ತಂತಿಯಲ್ಲಿ ಕರೆಂಟು ಬರುವುದು ಲೈನು, ದೀಪ ಆರಿದರೆ ಲೈನು ಹೋಯಿತು. ತವರಿಗೆ ಎರಡು ಲೈನು ಕಾಗದ ಬರೆಸುತ್ತಿದ್ದೆವು. ಕುಡಿದು ತೂರಾಡುವ ಗಂಡನಿಗೆ ಬುದ್ಧಿ ಬಂದರೆ ಲೈನಿಗೆ ಬಂದ ಎನ್ನುತ್ತಿದ್ದೆವು. ಹೆಣ್ಣು ನೋಡಲು ಬಂದವರು ಮನೆದೇವರನ್ನು ಕೇಳುವ ಮೊದಲೇ 'ಯಾವ ಲೈನು?' ಎಂದು ಕೇಳುತ್ತಿದ್ದರು. ಯಾರಾದರೂ ಸತ್ತರೆ ಲೈನೆಲ್ಲ ಅಳುತ್ತಿತ್ತು. ಆದರೆ ನಾವು ಹೆಂಗಸರು ಬೆಳಿಗ್ಗೆ ಎದ್ದು 'ಲೈನು' ಎಂದರೆ ಅದು ಒಂದೇ, ನಲ್ಲಿಯ ಮುಂದೆ ಬಿಂದಿಗೆಗಳು ನಿಲ್ಲುವ ಸಾಲು.

ಆ ಸಾಲಿನಲ್ಲಿ ನಮ್ಮ ಪಾಪಕ್ಕನಷ್ಟು ಗೊಣಗಿದವಳು ಇನ್ನೊಬ್ಬಳಿಲ್ಲ. ಬೇತಮಂಗಲದ ಕೆರೆಯ ಪಕ್ಕದ ಹಳ್ಳಿಯ ಹುಡುಗಿ. ಐವತ್ತರ ದಶಕದ ಮೊದಲಲ್ಲಿ ಗಣಿಯ ಆದಿನಾರಾಯಣನನ್ನು ಮದುವೆಯಾಗಿ ನನ್ನ ಪಕ್ಕದ ಮನೆಗೆ ಬಂದಳು. ತವರಿನವರು ಕೊಟ್ಟ ತಾಮ್ರದ ಬಿಂದಿಗೆಯನ್ನು ಹುಣಿಸೆಹಣ್ಣು ಹಾಕಿ ಫಳಫಳ ಉಜ್ಜಿ ತರುತ್ತಿದ್ದಳು. ನಮ್ಮ ನಲ್ಲಿಗೆ ಬರುತ್ತಿದ್ದುದು ಬೇತಮಂಗಲದ ನೀರೇ ಆದ್ದರಿಂದ ಅವಳಿಗೆ ಉರಿ ಹೆಚ್ಚು.

"ನಮ್ಮೂರ ನೀರ್‌ಗೆ ನಾನೇ ಕಾಯ್ಕಂಡು ಕೂತ್ಕಬೇಕಾ?" ಎನ್ನುತ್ತಿದ್ದಳು.

"ನಿಮ್ಮಪ್ಪನ್ನ ಕೇಳಿ ಪೈಪ್ ಆಕ್ಸ್ಕ ಓಗು," ಎಂದು ನಾವು ರೇಗಿಸುತ್ತಿದ್ದೆವು. ನಗುವವಳಲ್ಲ, ಮುಖ ಊದಿಸಿಕೊಳ್ಳುವವಳು.

ನಮ್ಮ ಲೈನಿನಲ್ಲಿ ಯಾರೂ ಬರೆದಿಡದ ಒಂದು ಕಟ್ಟಳೆ ಇತ್ತು. ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನೆಲ ನಡುಗುತ್ತದೆ, ಗೂಡಿನಲ್ಲಿಟ್ಟ ಲೋಟ ಉರುಳುತ್ತದೆ. ಗಂಡ ಒಳಗಿರುವ ಹೆಂಗಸರೆಲ್ಲ ಬಿಂದಿಗೆ ಬಿಟ್ಟು, ಗಂಡಸರು ಗಣಿಗೆ ಇಳಿಯುವ ಶಾಫ್ಟಿನ ಬಾಯಿಗೆ ಓಡುತ್ತಾರೆ. ಯಾರ ಗಂಡ ಮನೆಯಲ್ಲಿದ್ದಾನೋ ಅವಳು ನಲ್ಲಿಯ ಹತ್ತಿರ ನಿಲ್ಲಬೇಕು. ಓಡಿದವರ ಬಿಂದಿಗೆಗಳನ್ನು ಸಾಲು ತಪ್ಪದಂತೆ ತುಂಬಿಸಿ, ತನ್ನದನ್ನು ಕೊನೆಗೆ ಹಿಡಿಯಬೇಕು. ಗಂಡ ಹೇಗೆ ಬಂದರೂ ಮನೆಯಲ್ಲಿ ನೀರಿರಬೇಕಲ್ಲ. ನಡೆದು ಬಂದರೂ ಬೇಕು, ಹೊತ್ತು ತಂದರೂ ಬೇಕು.

ಒಂದು ಬೇಸಿಗೆಯ ಬೆಳಿಗ್ಗೆ ನೆಲ ನಡುಗಿತು. ಲೈನಿನ ಮೊದಲಲ್ಲಿ ಎದುರುಮನೆಯ ಕನಕಮ್ಮನ ಹಿತ್ತಾಳೆ ಬಿಂದಿಗೆ ಇತ್ತು. ಅವಳ ಗಂಡ ಪೆರುಮಾಳ್ ಗಣಿಯೊಳಗಿದ್ದ. ಕನಕಮ್ಮ ಓಡಿದಳು, ನಾನೂ ಓಡಿದೆ, ಎಲ್ಲರೂ ಓಡಿದರು. ರಾತ್ರಿ ಪಾಳಿ ಮುಗಿಸಿ ಬಂದ ಆದಿನಾರಾಯಣ ಮನೆಯಲ್ಲಿ ಮಲಗಿದ್ದ. ಹಾಗಾಗಿ ನಲ್ಲಿಯ ಹತ್ತಿರ ಉಳಿದವಳು ಪಾಪಕ್ಕ ಒಬ್ಬಳೇ.

ಅಲ್ಲಿ ಏನಾಯಿತೆಂದು ಎಷ್ಟೋ ಕಾಲದ ಮೇಲೆ ಅವಳೇ ಹೇಳಿದ್ದು. ಹಿಂದಿನ ದಿನ ಅವಳ ಸರದಿ ಬರುವ ಹೊತ್ತಿಗೆ ನಲ್ಲಿ ನಿಂತುಹೋಗಿತ್ತಂತೆ. ಮನೆಯಲ್ಲಿ ಗಂಡನ ಮೈಮೇಲಿನ ಗಣಿಧೂಳು ತೊಳೆಯಲೂ ನೀರಿಲ್ಲ. ಈ ದಿನವೂ ನೀರು ದಾರದಷ್ಟು ಸಣ್ಣಗೆ ಬರುತ್ತಿತ್ತು. ನಮ್ಮೂರ ನೀರು ತಾನೇ, ಅಂದುಕೊಂಡಳಂತೆ. ಕನಕಮ್ಮನ ಬಿಂದಿಗೆಯನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದಳು. ತನ್ನದನ್ನು ತುಂಬಿಸಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಷ್ಟರಲ್ಲಿ ನಲ್ಲಿ ನಿಂತಿತು.

ದೇವರು ದೊಡ್ಡವನು, ಪೆರುಮಾಳ್ ಬದುಕಿ ಬಂದ. ಇಬ್ಬರು ತೋಳು ಹಿಡಿದು ನಡೆಸಿಕೊಂಡು ಬಂದರು. ಮೈಯೆಲ್ಲ ಬಂಡೆಯ ಪುಡಿ, ಬಾಯಿಯೊಳಗೂ ಪುಡಿ. ಹೊಸ್ತಿಲ ಮೇಲೆ ಕೂತು "ತಣ್ಣಿ, ತಣ್ಣಿ" ಎಂದು ನೀರು ಕೇಳಿದ. ಕನಕಮ್ಮ ನಲ್ಲಿಗೆ ಓಡಿದಳು, ಬರಿಗೈಯಲ್ಲಿ ಓಡಿಬಂದಳು. ಯಾರ ಮನೆಯಲ್ಲೂ ಒಂದು ಚೊಂಬು ನೀರಿಲ್ಲ. ಲೈನೆಲ್ಲ ಗಲಾಟೆ ಎದ್ದಿತು.

ಗಲಾಟೆಗೆ ಎದ್ದ ಆದಿನಾರಾಯಣ ಮೂಲೆಯಲ್ಲಿದ್ದ ತುಂಬಿದ ಬಿಂದಿಗೆಯನ್ನೂ ಹೆಂಡತಿಯ ಮುಖವನ್ನೂ ನೋಡಿದ. ಬಿಂದಿಗೆ ಎತ್ತಿ ತಂದು ಕನಕಮ್ಮನ ಮುಂದೆ ಇಟ್ಟ.

"ತಗಳಮ್ಮ, ನಿನಗೆ ಅಂತಾನೇ ನಮ್ಮೋಳು ಇಡಿದಿಟ್ಟವ್ಳೆ," ಎಂದ.

ಬಾಗಿಲ ಹಿಂದಿದ್ದ ಪಾಪಕ್ಕ ಅದನ್ನು ಕೇಳಿಸಿಕೊಂಡಳು. ಅವನು ಬಂದು ಎರಡು ಬಿಟ್ಟಿದ್ದರೆ ಅಂದಿಗೇ ಮುಗಿಯುತ್ತಿತ್ತೇನೋ. ಅವನು ಬೈಯಲೂ ಇಲ್ಲ. ಕನಕಮ್ಮನಂತೂ ಲೈನೆಲ್ಲ ಹೇಳಿಕೊಂಡು ಬಂದಳು, "ಪಾಪಕ್ಕ ಇಲ್ದಿದ್ರೆ ನನ್ ಗಂಡಂಗೆ ಬಾಯಿಗೆ ನೀರಿಲ್ಲ." ನಾವೂ ನಂಬಿದೆವು. ನನ್ನದೂ ಸೇರಿ ಉಳಿದ ಬಿಂದಿಗೆಗಳು ಖಾಲಿ ಇದ್ದದ್ದಕ್ಕೆ ನಲ್ಲಿ ನಿಂತದ್ದೇ ಕಾರಣ ಎಂದುಕೊಂಡೆವು. ಗೊಣಗಿದರೂ ಹೆಂಗಸು ಒಳ್ಳೆಯವಳು ಎಂದು ಮೆಚ್ಚಿದೆವು.

ಅಂದಿನಿಂದ ಪಾಪಕ್ಕ ಲೈನಿನಲ್ಲಿ ಮೊದಲು ನಿಂತದ್ದನ್ನು ನಾನು ನೋಡಲಿಲ್ಲ. ಬೇಗ ಬಂದರೂ ಬಿಂದಿಗೆಯನ್ನು ಕೊನೆಗೆ ಇಡುವಳು. 'ನಮ್ಮೂರ ನೀರು' ಎಂಬ ಮಾತು ಸತ್ತೇಹೋಯಿತು. ಕನಕಮ್ಮ ಎದುರಾದರೆ ಸೆರಗು ಸರಿಮಾಡಿಕೊಳ್ಳುವ ನೆವದಲ್ಲಿ ತಲೆ ತಗ್ಗಿಸುವಳು. ಹೊಗಳಿದವರ ಮುಂದೆ ನಿಲ್ಲಲಾರದೆ ಒಲೆಯ ಮೇಲೆ ಏನೋ ಇದೆ ಎಂದು ಓಡುವಳು. ನಾನು ಅದನ್ನು ವಿನಯ ಅಂದುಕೊಂಡಿದ್ದೆ, ನನ್ನ ದಡ್ಡತನಕ್ಕೆ ಏನು ಹೇಳಲಿ.

ಅರವತ್ತನೆಯ ಇಸವಿ ದಾಟಿದ ಮೇಲೆ ಮತ್ತೊಮ್ಮೆ ನೆಲ ನಡುಗಿತು. ಈ ಸಲ ಆದಿನಾರಾಯಣ ಒಳಗಿದ್ದ, ಪೆರುಮಾಳ್ ಮನೆಯಲ್ಲಿದ್ದ. ಪಾಪಕ್ಕ ಎದೆ ಬಡಿದುಕೊಂಡು ಓಡಿದಳು. ಅವನು ಕೂದಲೂ ಕೊಂಕದೆ ಮೇಲೆ ಬಂದ. ಅವಳು ತಿರುಗಿ ಬಂದಾಗ ಕೊನೆಯಲ್ಲಿಟ್ಟಿದ್ದ ಅವಳ ತಾಮ್ರದ ಬಿಂದಿಗೆ ಕುತ್ತಿಗೆವರೆಗೆ ತುಂಬಿತ್ತು. ಮೇಲೆ ಒದ್ದೆ ಬಟ್ಟೆ ಮುಚ್ಚಿತ್ತು. ಪಕ್ಕದಲ್ಲಿ ಕನಕಮ್ಮ ತನ್ನ ಖಾಲಿ ಬಿಂದಿಗೆ ಹಿಡಿದು ಕಾವಲು ನಿಂತಿದ್ದಳು. ನಲ್ಲಿ ನಿಂತುಹೋಗಿತ್ತು.

ಪಾಪಕ್ಕ ಕೂತುಬಿಟ್ಟಳು. "ಬ್ಯಾಡ ಕನಕಾ. ಅವತ್ತು ನಾನು ನಿಂಗೆ ಇಡ್ದಿರ್ಲಿಲ್ಲ. ನಿನ್ ಬಿಂದ್ಗೆ ಒದ್ದು ನಂದು ತುಂಬ್ಸ್ಕಂಡೆ."

ಹಿಂದೆ ನಿಂತಿದ್ದ ನಾನು ಬೆಚ್ಚಿದೆ. ಕನಕಮ್ಮ ಮಾತ್ರ ಬೆಚ್ಚಲಿಲ್ಲ.

"ಗೊತ್ತಕ್ಕಾ," ಎಂದಳು. "ಮೋರೀಲಿ ಬೋರಲು ಬಿದ್ದಿದ್ದ ನನ್ ಬಿಂದ್ಗೇನ ಸಾಯಂಕಾಲ ಎತ್ಕಂಡು ಬಂದೋಳು ನಾನೇ ಅಲ್ವಾ?"

"ಮತ್ತೆ ಲೈನೆಲ್ಲಾ ಯಾಕೆ ಅಂಗೆ ಏಳ್ಕಂಡು ಬಂದೆ?"

"ಇನ್ನೇನ್ ಏಳ್ಬೇಕಿತ್ತು? ನಿಜ ಏಳಿದ್ರೆ ಈ ಲೈನಲ್ಲಿ ನಿನ್ನ ಯಾರು ಸೇರಿಸ್ತಿದ್ರು? ನನ್ ಗಂಡ ನಿನ್ ಮನೆ ನೀರು ಕುಡಿದವ್ನೆ."

ಪಾಪಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಇಷ್ಟು ವರ್ಷ ತಾನೊಬ್ಬಳೇ ಮುಚ್ಚಿಟ್ಟಿದ್ದೇನೆ ಅಂದುಕೊಂಡದ್ದನ್ನು ಕನಕಮ್ಮ ದಿನವೂ ಎದುರು ನಿಂತು ನೋಡುತ್ತಿದ್ದಳು. ಪಾಪಕ್ಕ ಎದ್ದು ಬಿಂದಿಗೆಗೆ ಕೈ ಹಾಕಿದಳು. ಕನಕಮ್ಮನೇ ಎತ್ತಿ ಅವಳ ಸೊಂಟದ ಮೇಲೆ ಇಟ್ಟಳು.

"ನಡಿಯಕ್ಕಾ, ನಿನ್ ಗಂಡ ಕಾಯ್ತಾ ಇರ್ತಾನೆ," ಎಂದಳು. "ನೀರು ಮಿಕ್ಕಿದ್ರೆ ನಂಗೂ ಒಂದು ಚೊಂಬು ಕೊಡು."