ಅವ್ವನ ಫೋಟೊ ಕಳಿಸಿದ ವಿಳಾಸ

ಅರವತ್ತು ರೂಪಾಯಿಯ ಕೆಲಸವನ್ನು ನಲವತ್ತೈದಕ್ಕೆ ಇಳಿಸಿದ್ದೆ. ತೀರಿಹೋದ ಅವ್ವನ ಸಣ್ಣ ಫೋಟೊವನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕುವ ಆಸೆ. ಅಂಚೆಯಲ್ಲೇ ಮಾಡಿಕೊಡುತ್ತೇವೆಂದು ಜಾಹೀರಾತು ಕೊಟ್ಟಿದ್ದವರು ನನ್ನ ಚೌಕಾಶಿಗೆ ಮರುಟಪಾಲಿನಲ್ಲೇ ಒಪ್ಪಿದರು. ಗೆದ್ದೆನೆಂದು ಹಿಗ್ಗಿ, ಹಣದ ಜೊತೆ ಇದ್ದ ಒಂದೇ ಫೋಟೊವನ್ನೂ ಕಳಿಸಿಬಿಟ್ಟೆ.

ಮೂರು ತಿಂಗಳಾದರೂ ಏನೂ ಬಾರದಿದ್ದಾಗ ಮುಲುಂಡಿನ ಮನೆಯಿಂದ ಲೋಕಲ್ ರೈಲು ಹಿಡಿದು, ಪಟ್ಟಣದ ಇನ್ನೊಂದು ತುದಿಯ ಫೋರ್ಟಿನಲ್ಲಿದ್ದ ಆ ವಿಳಾಸಕ್ಕೆ ಹೋದೆ. ಮೆಟ್ಟಿಲ ಕೆಳಗೆ ಒಂದು ಟಪಾಲು ಡಬ್ಬಿ ಮಾತ್ರ ಇತ್ತು. ಎದುರಿನ ಉಡುಪಿ ಹೋಟೆಲಿನ ಮಾಲೀಕರು ನಾನು ತಡಕಾಡುವುದನ್ನು ನೋಡಿ ಕರೆದರು.

"ಫೋಟೊದವರನ್ನು ಹುಡುಕಿಕೊಂಡು ಬಂದದ್ದಾ? ಅವರು ಓಡಿಹೋಗಿ ತಿಂಗಳಾಯ್ತು ಮಾರಾಯ್ರೆ. ನಿಮ್ಮದು ಯಾರ ಫೋಟೊ?"

"ಅವ್ವಂದ್ರೀ. ಒಂದ ಇತ್ತು."

ಅವರು ಚಾ ತರಿಸಿದರು. ಕೊಡಹೋದರೆ ದುಡ್ಡು ಮುಟ್ಟಲಿಲ್ಲ.

ಅವ್ವನ ಮಚ್ಚೆ ಎಡಗೆನ್ನೆಯ ಮೇಲಿತ್ತೋ ಬಲಗೆನ್ನೆಯ ಮೇಲಿತ್ತೋ ಎಂದು ಈಗ ತಂಗಿಯನ್ನು ಕೇಳುತ್ತೇನೆ, ಅವಳಿಗೂ ಖಾತ್ರಿಯಿಲ್ಲ. ಕಾಣದವರಿಗೆ ಕೆಲಸ ಕೊಡುವಾಗ ದರ ಕೇಳುವ ಮೊದಲು ಅವರ ಮೆಟ್ಟಿಲು ಹತ್ತಿ ನೋಡಿ, ಎದುರಿನ ಅಂಗಡಿಯಲ್ಲಿ ವಿಚಾರಿಸಿ. ಚೌಕಾಶಿಗೆ ತಟ್ಟನೆ ಒಪ್ಪಿದರೆ ಇನ್ನೊಮ್ಮೆ ಯೋಚಿಸಿ. ಒಂದೇ ಇರುವ ಫೋಟೊವನ್ನಂತೂ, ಇನ್ನೊಂದು ಪ್ರತಿ ತೆಗೆಸದೆ, ಮನೆಯಿಂದ ಹೊರಗೆ ಕಳಿಸಬೇಡಿ.